ಅಡುಗೆಮನೆಯಲ್ಲಿ ಕೈ ಕುಲುಕಿದ್ದು

ಒಲ್ಡರ್‌ವೀರ್ಡೆ,
4 ಫೆಬ್ರವರಿ 2013

ಪ್ರೀತಿಯ ಆಲ್ಕೆ,

ನಿನ್ನ ಕ್ರಿಸ್‌ಮಸ್ ಕಾಗದ ಬಂದು ಆರು ವಾರವಾಯಿತು. ಅದನ್ನು ಕಿಟಕಿಯಲ್ಲಿ ಹೂಕುಂಡಕ್ಕೆ ಒರಗಿಸಿ ಇಟ್ಟಿದ್ದೇನೆ. ಕಾಫಿ ಕುಡಿಯುವಾಗೆಲ್ಲ ನನ್ನನ್ನೇ ನೋಡುತ್ತಿರುತ್ತದೆ. ಬೆರಳು ನೋವು ಎಂದು ನೆಪ ಹೇಳಬಹುದಿತ್ತು, ಆದರೆ ಬೆರಳು ಚೆನ್ನಾಗಿಯೇ ಇವೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದೆ. ನಿನಗೆ ಅಲ್ಲಿ ಈಗ ಬೇಸಿಗೆ. ಮೊಮ್ಮಗಳ ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿದೆ ಎಂದು ನೀನು ಬರೆದಿದ್ದೆ. ಆ ಚಿತ್ರ ಕಣ್ಣ ಮುಂದೆ ತಂದುಕೊಂಡರೆ ಸ್ವಲ್ಪ ಹಗುರಾಗುತ್ತದೆ.

ಇಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿವೆ. ನನ್ನ ಮಂಡಿ ಮೊದಲಿನ ಹಾಗೇ ಇದೆ. ಕೆಳಗಿನ ಮನೆಯ ಡೆರ್ಕ್ ಪ್ರತಿದಿನ ಹತ್ತು ಗಂಟೆಗೆ ಬಂದು ಒಂದು ಬಿಸ್ಕತ್ತು ತಿನ್ನುತ್ತಾನೆ. ಡಬ್ಬಿಯ ಮುಚ್ಚಳ ಹಾಕುವಾಗ, "ನಿಮ್ಮಮ್ಮನ ಕೈಯೇ ನಿನಗೂ ಬಂದಿದೆ, ಗೇಸ್ಕೆ, ಎರಡನೇದು ಕೊಟ್ಟರೆ ಆಕಾಶ ಬೀಳುತ್ತೆ," ಅನ್ನುತ್ತಾನೆ. ಅಲ್ಲಿಗೆ ಸುದ್ದಿ ಮುಗಿಯಿತು. ಇನ್ನು ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಕೂರ್ಟ್ ವಿಂಡೆಮಾನ ಮೇಲೆ ಜರ್ಮನಿಯಲ್ಲಿ ಕೇಸು ನಡೆಯುತ್ತಿದೆ. ನಮ್ಮಣ್ಣ ಎಪ್ಪೊನನ್ನು ಕೊಂದದ್ದಕ್ಕೆ.

ಪತ್ರಿಕೆಯವರು "ಕೊನೆಗೂ ಪತ್ತೆ" ಎಂದು ಬರೆದಿದ್ದಾರೆ. ಅವನು ಎಲ್ಲಿ ಕಳೆದುಹೋಗಿದ್ದ ಎಂದು ನನಗೆ ತಿಳಿಯುವುದಿಲ್ಲ. ಯುದ್ಧ ಮುಗಿದ ಮೇಲೆ ನಮ್ಮ ಕೋರ್ಟು ಅವನಿಲ್ಲದೆಯೇ ಅವನಿಗೆ ಶಿಕ್ಷೆ ಹಾಕಿತು. ಅವನು ಕೊಲ್ಲಿಯ ಆಚೆ, ಜರ್ಮನಿಯ ದಡದಲ್ಲಿ ಸ್ವಂತ ಹೆಸರಿನಲ್ಲೇ ಸೈಕಲ್ ಅಂಗಡಿ ಹಾಕಿಕೊಂಡ. ಮೋಡವಿಲ್ಲದ ದಿನ ನಮ್ಮ ಕಡಲ ಏರಿಯ ಮೇಲೆ ನಿಂತರೆ ಆ ಊರಿನ ಚರ್ಚಿನ ಗೋಪುರ ಕಾಣುತ್ತದೆ. ಡೆರ್ಕ್‌ನ ತಮ್ಮ ಅರವತ್ತರ ದಶಕದಲ್ಲಿ ಅವನ ಹತ್ತಿರವೇ ಸೈಕಲ್ ಕೊಂಡು ತಂದಿದ್ದ. "ಗಟ್ಟಿ ಸೈಕಲ್ಲು, ಹದಿನೆಂಟು ವರ್ಷ ಬಂತು," ಎಂದು ಮೊನ್ನೆ ಡೆರ್ಕ್ ಹೇಳಿ, ಆಮೇಲೆ ನನ್ನ ಮುಖ ನೋಡಿ ಕಾಫಿ ಬಟ್ಟಲಿಗೆ ಬಾಯಿಟ್ಟ.

ಅವನಿಗೀಗ ತೊಂಬತ್ತೆರಡು. ಜೊತೆಗಿದ್ದ ಇಬ್ಬರು ಸತ್ತುಹೋಗಿದ್ದಾರೆ. ಆ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಇದ್ದವರಲ್ಲಿ ಉಳಿದಿರುವುದು ಅವನು ಮತ್ತು ನಾನು, ಇಬ್ಬರೇ.

ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ. ಮಾರ್ಚ್ ಹದಿನಾಲ್ಕಕ್ಕೆ. ಕೇಸಿನ ತಿರುಳೇನು ಎಂದು ಮಗಳು ರೆನ್ಸ್ಕೆ ನನ್ನ ಮುಂದೆ ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಅಮ್ಮಾ, ಕೇಳಿಸಿಕೋ. ಅಲ್ಲಿನ ಕಾನೂನಲ್ಲಿ ಸುಮ್ಮನೆ ಕೊಂದರೆ ಒಂದು ಅಪರಾಧ, ಮೋಸದಿಂದ ಕೊಂದರೆ ಇನ್ನೊಂದು. ಮೊದಲನೆಯದಕ್ಕೆ ಕಾಲಮಿತಿ ಯಾವಾಗಲೋ ಮುಗಿದಿದೆ. ಎರಡನೆಯದಕ್ಕೆ ಕಾಲಮಿತಿಯೇ ಇಲ್ಲ."

"ಕೊಂದಮೇಲೆ ಕೊಂದ ಹಾಗೇ ಅಲ್ವೇನೇ?"

"ಅಲ್ಲ. ಎಪ್ಪೊ ಮಾಮನಿಗೆ ತನ್ನನ್ನು ಕೊಲ್ತಾರೆ ಅಂತ ಗೊತ್ತಿರಲಿಲ್ಲ, ನಂಬಿ ಬೆನ್ನು ತೋರಿಸಿದ, ಆಗ ಹೊಡೆದರು ಅಂತಾದರೆ ಮೋಸ. ಗೊತ್ತಿತ್ತು ಅಂತಾದರೆ ಮೋಸ ಅಲ್ಲ. ಅವನು ಮನೆಗೆ ಹೋಗ್ತಾನೆ."

"ಗೊತ್ತಿದ್ದು ಸತ್ತರೆ ತಪ್ಪು ಕಮ್ಮಿಯಾ?"

"ಕಾನೂನು ನಾನು ಬರೆದಿಲ್ಲಮ್ಮಾ," ಎಂದಳು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಮಾಮನಿಗೆ ಗೊತ್ತಿರಲಿಲ್ಲ ತಾನೇ?" ಅಂದಳು.

ನಾನು ಎದ್ದು ಕೆಟಲ್ಲಿಗೆ ನೀರು ತುಂಬಿಸಿದೆ.

ಆಲ್ಕೆ, ಅವತ್ತಿನದನ್ನು ನಾನು ನಿನಗೆ ಪೂರ್ತಿ ಹೇಳಿಲ್ಲ. 1944, ಅಕ್ಟೋಬರ್ 22. ಮಧ್ಯಾಹ್ನದ ಆರಾಧನೆ ಮುಗಿಸಿ ಮನೆಗೆ ಬಂದರೆ ಅವರು ಮೂವರು ಒಲೆಯ ಹತ್ತಿರ ಕೂತಿದ್ದರು. ಕೂರ್ಟ್ ನಮ್ಮವನೇ. ಪಕ್ಕದ ಊರಿನವನು, ನಮ್ಮದೇ ಚರ್ಚು, ಎಪ್ಪೊ ಕೂತ ಬೆಂಚಿನಲ್ಲೇ ಕೂತು ಧರ್ಮಪಾಠ ಬಾಯಿಪಾಠ ಮಾಡಿದವನು. ಈಗ ಜರ್ಮನರ ಸಮವಸ್ತ್ರ ಹಾಕಿದ್ದ. ಎಪ್ಪೊ ಬ್ರೆಡ್ಡಿನ ಗಾಡಿಯಲ್ಲಿ ರೇಷನ್ ಕಾರ್ಡು ಸಾಗಿಸುತ್ತಾನೆ, ಜರ್ಮನರಿಂದ ಅಡಗಿರುವವರಿಗೆ ತಲುಪಿಸುತ್ತಾನೆ ಎಂದು ಯಾರೋ ಹೇಳಿದ್ದರು. ಎಪ್ಪೊ ಆಗ ಮನೆಯಲ್ಲಿ ಮಲಗುತ್ತಿರಲಿಲ್ಲ, ಆಗಾಗ ಬಂದು ಹೋಗುತ್ತಿದ್ದ, ಅವರು ಕಾದರು. ಒಂದು ಗಂಟೆಯ ಮೇಲೆ ಎಪ್ಪೊ ಹಿಂಬಾಗಿಲಿನಿಂದ ಒಳಗೆ ಬಂದ.

ಅವನು ಓಡಲಿಲ್ಲ. ಓಡಿದ್ದರೆ ಅಪ್ಪನನ್ನು ಒಯ್ಯುತ್ತಿದ್ದರು, ಮನೆಗೆ ಬೆಂಕಿ ಇಡುತ್ತಿದ್ದರು. ಅಮ್ಮ ಬೀನ್ಸ್ ಸೂಪು ಬಡಿಸಿದ್ದಳು. "ಉಂಡುಬಿಡಲಿ," ಎಂದ ಕೂರ್ಟ್. ಎಪ್ಪೊ ಉಂಡ. ಊಟವಾದ ಮೇಲೆ ಅಪ್ಪ ಎಂದಿನಂತೆ ಬೈಬಲ್ ತೆಗೆದು ಒಂದು ಅಧ್ಯಾಯ ಓದಿದರು. ಪ್ರಾರ್ಥನೆಗೆ ಕೂರ್ಟ್ ಟೋಪಿ ತೆಗೆದ. ಉಳಿದ ಇಬ್ಬರು ಅವನನ್ನು ನೋಡಿ ತಾವೂ ತೆಗೆದರು.

ಆಮೇಲೆ ಎಪ್ಪೊ ಎದ್ದು ಕೋಟು ಹಾಕಿಕೊಂಡ. ಅಮ್ಮನ ಕೈ ಕುಲುಕಿದ. ಅಮ್ಮ ಮೊದಲು ಏಪ್ರನ್ನಿಗೆ ಕೈ ಒರೆಸಿಕೊಂಡಳು, ಪಾದ್ರಿ ಬಂದಾಗ ಮಾಡುವ ಹಾಗೆ. ಆಮೇಲೆ ಅಪ್ಪನ ಕೈ, ಆಮೇಲೆ ನನ್ನದು.

ನೀನು ಈ ಊರಲ್ಲಿ ಹುಟ್ಟಿದವಳು. ನಮ್ಮಲ್ಲಿ ಯಾರು ಯಾರ ಕೈ ಕುಲುಕುತ್ತಾರೆ, ನಿನಗೆ ಗೊತ್ತು. ಪಾದ್ರಿಯದು, ಪರ ಊರಿನವರದು, ಶವಪೆಟ್ಟಿಗೆ ಹೊತ್ತವರದು. ಸಮುದ್ರ ದಾಟಿ ಹೋಗುವವರದು. ಎಪ್ಪೊ ಸಾವಿರ ಸಲ ಆ ಅಡುಗೆಮನೆಯಿಂದ ಹೊರಗೆ ಹೋಗಿದ್ದಾನೆ, "ಹೊರಟೆ" ಎಂದೂ ಹೇಳಿದವನಲ್ಲ. ಬಾಗಿಲು ಸದ್ದಾದರೆ ಹೋದ ಎಂದು ನಮಗೆ ಗೊತ್ತಾಗುತ್ತಿತ್ತು, ಅಷ್ಟೇ.

ಅವನಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಾಯಿತು. ನನಗೂ.

ನನ್ನ ದಿನಚರಿಯಲ್ಲಿ ಅವತ್ತು ಮೂರೇ ಸಾಲು ಇದೆ. "ಪಶ್ಚಿಮದ ಗಾಳಿ, ತುಂತುರು. ಕೂರ್ಟ್ ಬಂದು ಎಪ್ಪೊನನ್ನು ಒಯ್ದ. ಎಪ್ಪೊ ಎಲ್ಲರ ಕೈ ಕುಲುಕಿದ." ರೆನ್ಸ್ಕೆ ನನ್ನನ್ನು ಕೇಳದೆ ಅದರ ಪ್ರತಿಯನ್ನು ಸರ್ಕಾರಿ ವಕೀಲರಿಗೆ ಕಳಿಸಿದ್ದಾಳೆ. ಕೂರ್ಟ್ ಬಂದ ಎನ್ನುವುದಕ್ಕೆ ಅದು ಪುರಾವೆಯಂತೆ. ಮೂರನೇ ಸಾಲಿನ ಅರ್ಥ ಅವಳಿಗೂ ತಿಳಿದಿಲ್ಲ. ಅವಳು ಪಟ್ಟಣದಲ್ಲಿ ಬೆಳೆದವಳು, ಬಂದವರಿಗೆಲ್ಲ ಕೆನ್ನೆಗೆ ಮೂರು ಮೂರು ಮುತ್ತು ಕೊಡುತ್ತಾಳೆ.

ಕೇಳಿದರೆ ಏನು ಹೇಳಲಿ? ಗೊತ್ತಿತ್ತು ಎಂದರೆ ಕೂರ್ಟ್ ಮನೆಗೆ ಹೋಗುತ್ತಾನೆ. ಗೊತ್ತಿರಲಿಲ್ಲ ಎಂದರೆ ಎಪ್ಪೊ ಏನೂ ಅರಿಯದ ಕರುವಿನ ಹಾಗೆ ಅವರ ಹಿಂದೆ ಹೋದ ಎಂದಾಗುತ್ತದೆ. ಅದೂ ನನ್ನ ಬಾಯಿಂದಲೇ. "ತೊಂಬತ್ತೆರಡರವನಿಗೆ ಜೀವಾವಧಿ ಅಂದ್ರೆ ಎಷ್ಟು? ಬರೋ ಆಲೂಗೆಡ್ಡೆ ಕೊಯ್ಲಿನವರೆಗಾ?" ಎನ್ನುತ್ತಾನೆ ಡೆರ್ಕ್. ನನಗೆ ನಗು ಬಂತು, ಆಮೇಲೆ ಅಳು ಬಂತು. ಯಾವುದಕ್ಕೆ ಯಾವುದು ಎಂದು ಈಚೆಗೆ ತಿಳಿಯುತ್ತಿಲ್ಲ.

ನೀನು ಅವನನ್ನು ಮದುವೆಯಾಗಬೇಕಿದ್ದವಳು. ನೀನು ಹೇಳಿದ ಹಾಗೆ ಮಾಡುತ್ತೇನೆ. ಬೇಗ ಬರೆ.

ನಿನ್ನ ಮನೆಯವರೆಲ್ಲ ಆರೋಗ್ಯವಾಗಿರಲಿ.

ನಿನ್ನ,
ಗೇಸ್ಕೆ


ಒಲ್ಡರ್‌ವೀರ್ಡೆ,
2 ಮೇ 2013

ಪ್ರೀತಿಯ ಆಲ್ಕೆ,

ನಿನ್ನ ಕಾಗದ ನಾನು ಕೋರ್ಟಿಗೆ ಹೋಗಿ ಬಂದ ಎಂಟು ದಿನಕ್ಕೆ ಸಿಕ್ಕಿತು. "ನೀನು ಕಂಡದ್ದನ್ನು ಹೇಳು," ಎಂದು ಒಂದೇ ಸಾಲು ಬರೆದಿದ್ದೆ. ಅದು ಮೊದಲೇ ಸಿಕ್ಕಿದ್ದರೆ ಹೇಗಿರುತ್ತಿತ್ತೋ ಗೊತ್ತಿಲ್ಲ. ಉತ್ತರಕ್ಕೆ ಮತ್ತೆ ತಡಮಾಡಿದೆ. ತೀರ್ಪು ಬರಲಿ ಎಂದು ಕಾದೆ. ತೀರ್ಪು ಬಂದಮೇಲೆ ಪೆನ್ನು ಹಿಡಿಯಲು ಆಗಲಿಲ್ಲ.

ಹದಿನಾಲ್ಕನೇ ತಾರೀಖು ರೆನ್ಸ್ಕೆ ಕಾರು ಓಡಿಸಿದಳು. ಡೆರ್ಕ್ ಚೀಲದ ತುಂಬ ಬ್ರೆಡ್ಡು ಚೀಸು ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ. "ಅಲ್ಲೂ ಊಟ ಸಿಗುತ್ತೆ, ಡೆರ್ಕ್ ಮಾಮ," ಎಂದಳು ರೆನ್ಸ್ಕೆ. "ಅವರದು ನನಗೆ ಒಗ್ಗಲ್ಲ. ಐದು ವರ್ಷ ತಿಂದು ನೋಡಿದೀನಿ," ಎಂದ.

ಕೋರ್ಟಿನ ಬಾಗಿಲಲ್ಲಿ ಗುಮಾಸ್ತ ನನ್ನ ಕೈ ಕುಲುಕಿದ. ಆಮೇಲೆ ಸರ್ಕಾರಿ ವಕೀಲರು, ಅವರ ಸಹಾಯಕಿ, ದುಭಾಷಿ ಹೆಂಗಸು, ಪತ್ರಿಕೆಯವನು. ಒಳಗೆ ಹೋಗುವಷ್ಟರಲ್ಲಿ ಹನ್ನೊಂದು ಜನ ಆಗಿದ್ದರು. ಒಳ್ಳೆಯ ಜನ. ಎಲ್ಲರ ಕೈಯೂ ಬೆಚ್ಚಗಿತ್ತು.

ಕೂರ್ಟ್ ವಾಕರ್ ತಳ್ಳಿಕೊಂಡು ಬಂದ. ನನ್ನದರ ಹಾಗೇ ಇತ್ತು, ಬಣ್ಣವೂ ಅದೇ. ಅದಲುಬದಲಾಗದಿರಲಿ ಎಂದು ರೆನ್ಸ್ಕೆ ನನ್ನದನ್ನು ಆಚೆ ಗೋಡೆಗೆ ನಿಲ್ಲಿಸಿದಳು. ನಾನು ಅವನ ಮುಖದಲ್ಲಿ ಆ ಇಪ್ಪತ್ನಾಲ್ಕರ ಹುಡುಗನನ್ನು ಹುಡುಕಿದೆ, ಸಿಗಲಿಲ್ಲ. ಕಿವಿ ಮಾತ್ರ ಅವೇ, ಅವನಪ್ಪನ ಕಿವಿ.

ಅವನ ಹೇಳಿಕೆಯನ್ನು ಮೊದಲು ಓದಿದರು. ಯುದ್ಧವಾದಾಗಿನಿಂದ ಅದೇ ಹೇಳಿಕೆ. ಇಟ್ಟಿಗೆ ಗೂಡಿನ ಹತ್ತಿರ ಕಾರು ನಿಲ್ಲಿಸಿದೆವು, ಕೈದಿ ಓಡಲು ನೋಡಿದ, ಜೊತೆಗಿದ್ದವನು ಗುಂಡು ಹಾರಿಸಿದ. ಬೆನ್ನಲ್ಲಿ ನಾಲ್ಕು ಗುಂಡು ಇದ್ದದ್ದು ಅದಕ್ಕೇ ಅಂತೆ. ಸರ್ಕಾರಿ ವಕೀಲರು ಬೇರೆ ಹೇಳಿದರು. ಮೂತ್ರಕ್ಕೆ ಹೋಗಿ ಬಾ ಎಂದು ಇಳಿಸಿದರು, ಅವನು ತಿರುಗಿದಾಗ ಹೊಡೆದರು, ಅವನಿಗೆ ಏನೂ ಗೊತ್ತಿರಲಿಲ್ಲ.

ನನ್ನಿಂದ ಪ್ರಮಾಣ ಮಾಡಿಸಿದರು. ನ್ಯಾಯಾಧೀಶೆ ನನ್ನ ಮಗಳಿಗಿಂತ ಚಿಕ್ಕವಳು. ಮೆತ್ತಗಿನ ದನಿಯಲ್ಲಿ ಕೇಳುತ್ತಿದ್ದಳು, ದುಭಾಷಿ ನಮ್ಮ ದೇಶದ ಭಾಷೆಗೆ ತಿರುಗಿಸುತ್ತಿದ್ದಳು. ಎಷ್ಟು ಜನ ಬಂದರು, ಯಾವ ಬಟ್ಟೆ, ಎಷ್ಟು ಹೊತ್ತು. ಎಲ್ಲ ಹೇಳಿದೆ. ಆಮೇಲೆ ಆ ಮೂರು ಸಾಲಿನ ಹಾಳೆ ತೆಗೆದಳು.

"'ಎಪ್ಪೊ ಎಲ್ಲರ ಕೈ ಕುಲುಕಿದ' ಅಂತ ಬರೆದಿದ್ದೀರಿ. ಹೊರಡುವಾಗ ಕೈ ಕುಲುಕುವುದು ನಿಮ್ಮ ಮನೆಯಲ್ಲಿ ರೂಢಿಯೇ?"

ಅವಳ ಮಟ್ಟಿಗೆ ಅದು ಏನೂ ಅಲ್ಲದ ಪ್ರಶ್ನೆ. ಅವಳು ದಿನಕ್ಕೆ ಇಪ್ಪತ್ತು ಕೈ ಕುಲುಕುತ್ತಾಳೆ. ನಾನು ರೆನ್ಸ್ಕೆಯನ್ನು ನೋಡಿದೆ. ಅವಳು ಉಸಿರು ಬಿಗಿಹಿಡಿದಿದ್ದಳು.

"ಹೌದು," ಎಂದೆ.

"ಅಂದರೆ ಸಂಜೆಗೋ ಮಾರನೇ ದಿನಕ್ಕೋ ವಾಪಸು ಬರುತ್ತೇನೆ ಎಂದುಕೊಂಡೇ ಅವರು ಹೊರಟರು ಅಂತ ನಿಮಗೆ ಅನಿಸಿತೇ?"

"ಹೌದು."

ಎರಡು ಸಲ. ಪ್ರಮಾಣ ಮಾಡಿದ ಬಾಯಲ್ಲಿ. ಅಪ್ಪ ಬದುಕಿದ್ದರೆ ಏನೆನ್ನುತ್ತಿದ್ದರೋ.

ಆಗ ಕೂರ್ಟ್ ಮಾತಾಡಿದ. ಬೆಳಿಗ್ಗೆಯಿಂದ ಬಾಯಿ ತೆಗೆದಿರಲಿಲ್ಲ. ಜರ್ಮನ್ನಿನಲ್ಲಲ್ಲ, ನಮ್ಮೂರಿನ ಮಾತಿನಲ್ಲಿ. ನಾವು ಮಕ್ಕಳಾಗಿದ್ದಾಗ ಆಡುತ್ತಿದ್ದ ಹಾಗೆ. ಈಗ ಇಲ್ಲಿನ ಹುಡುಗರೂ ಹಾಗೆ ಆಡುವುದಿಲ್ಲ.

"ಏನ್ ಗೇಸ್ಕೆ, ನಿಮ್ಮನೇಲಿ ಅದು ಯಾವಾಗಿಂದ ಶುರುವಾಯ್ತು? ನಿಮ್ಮಪ್ಪ ಮದುವೆ ದಿನ ಬಿಟ್ರೆ ನಿಮ್ಮಮ್ಮನ ಕೈ ಹಿಡಿದಿದ್ದೇ ಕಾಣೆ."

ಹಿಂದಿನ ಬೆಂಚಿನಲ್ಲಿ ಡೆರ್ಕ್ ಫಕ್ಕನೆ ನಕ್ಕುಬಿಟ್ಟ. ಆಮೇಲೆ ಕೆಮ್ಮಿದ ಹಾಗೆ ಮಾಡಿದ. ದುಭಾಷಿಗೆ ಆ ಮಾತು ಅರ್ಥವಾಗಲಿಲ್ಲ, ಅವಳು ದಕ್ಷಿಣದ ಕಡೆಯವಳು. ಇನ್ನೊಮ್ಮೆ ಹೇಳಿ ಎಂದಳು. ಕೂರ್ಟ್‌ನ ವಕೀಲ ಅವನ ತೋಳು ಹಿಡಿದು ಸುಮ್ಮನಿರಿ ಎಂದ. ಕೂರ್ಟ್ ತೋಳು ಬಿಡಿಸಿಕೊಂಡ.

"ನಮ್ಮ ಕಡೆ ಮನೆಯವರು ಮನೆಯವರ ಕೈ ಕುಲುಕಲ್ಲ," ಎಂದು ನಿಧಾನವಾಗಿ ಜರ್ಮನ್ನಿನಲ್ಲಿ ಹೇಳಿದ. "ಅವನಿಗೆ ಗೊತ್ತಿತ್ತು. ಕಾರಲ್ಲಿ ಕೂತ ಮೇಲೆ 'ಎಲ್ಲಿ ಕೂರ್ಟ್, ಗೂಡಿನ ಹತ್ರನಾ?' ಅಂತ ಕೇಳಿದ. ಹೌದು ಅಂದೆ. 'ನೀರಿಗೆ ಮಾತ್ರ ಹಾಕಬೇಡ, ಅಮ್ಮ ಹುಡುಕ್ತಾ ಅಲೀಬೇಕಾಗುತ್ತೆ' ಅಂದ. ಹಾಕಲಿಲ್ಲ."

ದುಭಾಷಿ ಅದನ್ನು ನನಗೆ ತಿರುಗಿಸಿ ಹೇಳಲು ಹೊರಟಳು. ಬೇಡ, ತಿಳಿಯಿತು ಎಂದೆ.

ಅಮ್ಮನಿಗೆ ಮಾರನೇ ದಿನ ಬೆಳಿಗ್ಗೆಯೇ ಅವನು ಸಿಕ್ಕಿದ್ದ. ಗೂಡಿನ ಪಕ್ಕ, ಏರಿಯ ಹುಲ್ಲಿನ ಮೇಲೆ, ಒಣ ಜಾಗದಲ್ಲಿ. ಯಾರೋ ಕೋಟಿನ ಕಾಲರು ಸರಿಮಾಡಿದ್ದರು ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳು. ಯಾರು ಎಂದು ನಾವು ಯಾರೂ ಕೇಳಿರಲಿಲ್ಲ.

ಅವನ ವಕೀಲನ ಮುಖ ಮೊದಲು ಬಿಳುಚಿಕೊಂಡಿತು, ಆಮೇಲೆ ಅವನಿಗೆ ಏನೋ ಹೊಳೆಯಿತು. ಎದ್ದು ನಿಂತು, ನನ್ನ ಕಕ್ಷಿದಾರರ ಮಾತನ್ನು ದಾಖಲಿಸಿಕೊಳ್ಳಬೇಕು ಎಂದ. ಓಡಿದ ಎನ್ನುವ ಹಳೆಯ ಕಥೆ ಅಲ್ಲಿಗೆ ಮುಗಿಯಿತು. ಅದರ ಜೊತೆಗೆ ಕೇಸೂ ಮುಗಿಯುತ್ತಿದೆ ಎಂದು ನನಗೇ ಅರ್ಥವಾಯಿತು.

ನ್ಯಾಯಾಧೀಶೆ ನನ್ನ ಕಡೆ ತಿರುಗಿದಳು. "ಅವರು ಹೇಳಿದ್ದು ನಿಜವೇ? ನಿಮ್ಮ ಕಡೆ ಅದು ರೂಢಿಯಲ್ಲವೇ?"

ಸುಳ್ಳು ಎನ್ನಬಹುದಿತ್ತು. ಮುದುಕ ತಲೆಕೆಟ್ಟು ಏನೋ ಹೇಳುತ್ತಾನೆ ಎನ್ನಬಹುದಿತ್ತು. ನನ್ನ ಮಾತನ್ನೇ ನಂಬುತ್ತಿದ್ದರು. ಆದರೆ ಆ ಕೋಣೆಯಲ್ಲಿ ಎಪ್ಪೊ ಹೊರಟದ್ದನ್ನು ಕಂಡವರು ನಾವಿಬ್ಬರೇ ಇದ್ದೆವು. ಅವನು ನಿಜ ಹೇಳಿದ್ದ, ನಾನು ಸುಳ್ಳು ಹೇಳಿದ್ದೆ. ಅದು ಎಂಥ ಲೆಕ್ಕ ಎಂದು ನನಗೆ ಈಗಲೂ ತಿಳಿಯುತ್ತಿಲ್ಲ, ಆಲ್ಕೆ. ಇವತ್ತಿಗೂ ಬೆಳಿಗ್ಗೆ ಒಂದು ಥರ ಅನಿಸುತ್ತದೆ, ಮಧ್ಯಾಹ್ನ ಇನ್ನೊಂದು ಥರ.

"ರೂಢಿಯಲ್ಲ," ಎಂದೆ. "ಅವನಿಗೆ ಗೊತ್ತಿತ್ತು. ಈಗ ತಾನೇ ನಾನು ಸುಳ್ಳು ಹೇಳಿದೆ."

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಗಿನ ಓಣಿಯಲ್ಲಿ ಅವನೂ ನಾನೂ ವಾಕರ್ ಹಿಡಿದು ಎದುರುಬದುರಾದೆವು. ಜಾಗ ಇಕ್ಕಟ್ಟಾಗಿತ್ತು. ಅವನು ತನ್ನದನ್ನು ಗೋಡೆಗೆ ಸರಿಸಿ ನನಗೆ ದಾರಿ ಬಿಟ್ಟ. "ಥ್ಯಾಂಕ್ಸ್," ಎಂದೆ. ಬಾಯಿಂದ ತಾನಾಗಿ ಬಂತು. ಎಪ್ಪೊನನ್ನು ಕೊಂದವನಿಗೆ ಆ ಭಾನುವಾರದ ಮೇಲೆ ನಾನು ಹೇಳಿದ ಒಂದೇ ಮಾತು ಅದು.

ಮೂರು ವಾರದ ಮೇಲೆ ತೀರ್ಪು ಬಂತು. ಮೋಸದ ಕೊಲೆ ಎಂದು ಸಾಬೀತಾಗಿಲ್ಲ. ಕೊಲೆ ನಡೆದದ್ದು ನಿಜ, ಆರೋಪಿ ಅದರಲ್ಲಿ ಭಾಗಿಯಾದದ್ದೂ ನಿಜ, ಆದರೆ ಅದಕ್ಕೆ ಕಾಲಮಿತಿ ಮುಗಿದಿದೆ. ಕೇಸು ಮುಕ್ತಾಯ. ಅವನು ಮನೆಗೆ ಹೋದ.

ರೆನ್ಸ್ಕೆ ಒಂದು ವಾರ ಫೋನು ಮಾಡಲಿಲ್ಲ. ಆಮೇಲೆ ಬಂದು ಕೋಟೂ ತೆಗೆಯದೆ ಬಾಗಿಲಲ್ಲೇ ನಿಂತು, "ಹೌದು ಅಂತ ನೀನು ಆಗಲೇ ಅಂದಿದ್ದೆ, ಅಮ್ಮಾ. ಹಾಗೇ ಇರಬಹುದಿತ್ತಲ್ಲ?" ಎಂದಳು.

"ನಿನ್ನ ಮಾಮ ದಡ್ಡ ಅಲ್ಲ ಕಣೇ."

"ದಡ್ಡ ಅಂತ ಯಾರು ಹೇಳಿದ್ರು? ಅರವತ್ತೆಂಟು ವರ್ಷ ಕಾದಿದ್ದು ಯಾತಕ್ಕೆ ಹಾಗಾದ್ರೆ?"

ಕಾಫಿ ಕೊಟ್ಟೆ. ಎರಡು ಬಿಸ್ಕತ್ತು ಇಟ್ಟೆ. ಅವಳು ಒಂದನ್ನೂ ಮುಟ್ಟದೆ ಹೊರಟಳು. ಹೋಗುವಾಗ ಕೆನ್ನೆಗೆ ಮೂರು ಮುತ್ತು ಕೊಡುವುದನ್ನು ಮಾತ್ರ ಮರೆಯಲಿಲ್ಲ.

ನಾಡಿದ್ದು ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ. ಗೂಡಿನ ಹತ್ತಿರದ ಕಲ್ಲಿನ ಮುಂದೆ ಊರವರು ಎರಡು ನಿಮಿಷ ನಿಲ್ಲುತ್ತಾರೆ, ನಾನು ಹೂವು ಇಡುತ್ತೇನೆ. "ಬರ್ತೀಯಾ, ಇಲ್ಲಾ ನಾನೊಬ್ಬನೇ ಇಡಬೇಕಾ?" ಎಂದು ಡೆರ್ಕ್ ಎರಡು ಸಲ ಕೇಳಿದ. ಬರುತ್ತೇನೆ ಎಂದೆ. ಹೋಗಿ ಅಲ್ಲಿ ಏನು ಯೋಚಿಸಬೇಕೋ ತಿಳಿಯದು.

ದೇವರು ನಿನಗೆ ಒಳ್ಳೆಯ ಚಳಿಗಾಲ ಕೊಡಲಿ. ನಿನ್ನ ಮಕ್ಕಳು ನಿನ್ನ ಹತ್ತಿರವೇ ಇರಲಿ. ಮರಿಮಗು ಬೇಗ ನಡೆಯಲಿ, ಬಿದ್ದರೂ ಹುಲ್ಲಿನ ಮೇಲೆ ಬೀಳಲಿ.

ನಿನ್ನ ಹಳೆಯ ಗೆಳತಿ,
ಗೇಸ್ಕೆ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ.

ಯಾರು ಒಯ್ದರು, ಯಾರು ಹೊಡೆದರು ಎಂದು ಕೋರ್ಟು ಕೇಳಿತು. ಅವರು ಮನೆಯಲ್ಲಿ ಕಾದು ಕೂತಿರುವಾಗ ಎಪ್ಪೊ ಒಳಗೆ ಹೇಗೆ ಬಂದ ಎಂದು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ, ಯಾಕೆಂದರೆ ನಿನಗೆ ಗೊತ್ತಿದೆ ಎಂದು ನೀನು ತಿಳಿದಿದ್ದೀಯ.

ಅವನೂ ನಾನೂ ಒಂದು ಗುರುತು ಮಾಡಿಕೊಂಡಿದ್ದೆವು. ಮನೆಯಲ್ಲಿ ಅಪಾಯವಿದ್ದರೆ ನಾನು ಹಿತ್ತಲಿನ ಹಗ್ಗದ ಮೇಲೆ ಬಿಳಿ ದುಪ್ಪಟಿ ಹರವಬೇಕು. ಅವನು ಹೊಲದ ಅಂಚಿನಿಂದ ನೋಡಿ ತಿರುಗಿ ಹೋಗುತ್ತಾನೆ. ಭಾನುವಾರದ ಬಗ್ಗೆ ನಾವಿಬ್ಬರೂ ಯೋಚಿಸಿರಲಿಲ್ಲ. ಭಾನುವಾರ ಜರ್ಮನರೂ ಕೆಲಸ ಮಾಡುವುದಿಲ್ಲ ಎಂದುಕೊಂಡಿದ್ದೆವೋ ಏನೋ.

ಅವತ್ತು ಒಲೆಗೆ ಸೌದೆ ತರುತ್ತೇನೆ ಎಂದೆ, ಕೂರ್ಟ್ ಬಿಟ್ಟ. ಬುಟ್ಟಿಯಿಂದ ದುಪ್ಪಟಿ ತೆಗೆದು ಹಗ್ಗದವರೆಗೂ ಹೋದೆ. ಪಕ್ಕದ ಮನೆಯಲ್ಲಿ ಚರ್ಚಿನ ಹಿರಿಯರು ಹೊಮ್ಮೆಸ್, ಅವರ ಹೆಂಡತಿ, ಮಕ್ಕಳು, ಪರದೆಯಿಲ್ಲದ ಕಿಟಕಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ನಮ್ಮ ವಂಶದಲ್ಲಿ ಯಾರೂ ದೇವರ ದಿನ, ಭಾನುವಾರ, ಕೆಲಸ ಮಾಡಿದವರಲ್ಲ, ಬಟ್ಟೆ ಹರವಿದವರಲ್ಲ. ನನಗೆ ಕೂರ್ಟ್‌ನ ಬಂದೂಕಿನ ನೆನಪು ಇರಲಿಲ್ಲ. ಹೊಮ್ಮೆಸ್ ಅಪ್ಪನಿಗೆ ಏನೆನ್ನುತ್ತಾರೋ ಎಂಬ ಹೆದರಿಕೆ ಮಾತ್ರ ಇತ್ತು. ದುಪ್ಪಟಿಯನ್ನು ಮಡಿಸಿ ಒಳಗೆ ತಂದುಬಿಟ್ಟೆ.

ಎಪ್ಪೊ ನನ್ನ ಕೈ ಕುಲುಕಿದಾಗ ಮೆಲ್ಲಗೆ, "ಭಾನುವಾರ ಅಲ್ವಾ," ಎಂದ. ಸಮಾಧಾನಕ್ಕೆ ಅಂದನೋ, ದೂರಿಗೆ ಅಂದನೋ, ಆಗಲೂ ತಿಳಿಯಲಿಲ್ಲ.

1951ರಲ್ಲಿ, ರಾಟರ್‌ಡ್ಯಾಮಿನ ಧಕ್ಕೆಯ ಮೇಲೆ ನೀನು ನನಗೆ ಹೇಳಿದೆ: "ಭಾನುವಾರ ಬಾ, ನೋಡಬೇಕು ಅಂತ ನಾನೇ ಚೀಟಿ ಕಳಿಸಿದ್ದೆ, ಗೇಸ್ಕೆ. ಅದಕ್ಕೇ ಅವನು ಈ ಕಡೆ ಬಂದ, ಅದಕ್ಕೇ ಸತ್ತ. ಈ ಊರಲ್ಲಿ ನಾನು ಹೇಗೆ ಇರಲಿ?" ಅವನು ಈ ಕಡೆ ಬಂದದ್ದು ನಿನಗಾಗಿಯೇ ಇರಬಹುದು. ಮನೆಯೊಳಗೆ ಕಾಲಿಟ್ಟದ್ದು ಹಗ್ಗ ಖಾಲಿ ಇತ್ತು ಎಂದು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಡಗಿನ ಕೂಗಿಗೆ ನಿನ್ನ ಮಾತು ಕೇಳಿಸದವಳ ಹಾಗೆ ನಿಂತೆ.

ಕೇಳಿಸಿತ್ತು, ಆಲ್ಕೆ.